ಗೂಡ್ಸ್ ರೈಲು ಕಂಪನಿಯ ಮುಖ್ಯಸ್ಥರ ಸಾಧನೆ ಅಳೆಯುವುದು ಹೇಗೆ? ಹಂಟರ್ ಹ್ಯಾರಿಸನ್ ಲೆಕ್ಕ

ಅಮೆರಿಕ, ಕೆನಡಾದ ಗೂಡ್ಸ್ ರೈಲುಗಳ ಓಡಾಟವನ್ನೇ ಬದಲಿಸಿದವರು ಹಂಟರ್ ಹ್ಯಾರಿಸನ್. ಮೆಂಫಿಸ್‌ನ ಯಾರ್ಡಿನಲ್ಲಿ ವ್ಯಾಗನ್‌ಗಳಿಗೆ ಎಣ್ಣೆ ಹಾಕುತ್ತಿದ್ದ ಹುಡುಗ, ಮುಂದೆ ಇಲಿನಾಯ್ ಸೆಂಟ್ರಲ್, ಕೆನಡಿಯನ್ ನ್ಯಾಷನಲ್, ಕೆನಡಿಯನ್ ಪೆಸಿಫಿಕ್, ಸಿಎಸ್ಎಕ್ಸ್ ಎಂಬ ನಾಲ್ಕು ಕಂಪನಿಗಳ ಚುಕ್ಕಾಣಿ ಹಿಡಿದರು. ಅವರನ್ನು ಹೊಗಳುವವರಿಗೂ ಬರವಿಲ್ಲ, ಬೈಯುವವರಿಗೂ ಬರವಿಲ್ಲ. ಎರಡನ್ನೂ ಪಕ್ಕಕ್ಕಿಟ್ಟು ಲೆಕ್ಕಪತ್ರ ತೆರೆಯಿರಿ.

ಮೊದಲು ಆಪರೇಟಿಂಗ್ ರೇಶಿಯೊ ನೋಡಿ. ರೈಲು ಓಡಿಸಲು ಆದ ಖರ್ಚನ್ನು ಆದಾಯದಿಂದ ಭಾಗಿಸಿ 100ರಿಂದ ಗುಣಿಸಿದರೆ ಅದು ಸಿಗುತ್ತದೆ; ಕಡಿಮೆಯಿದ್ದಷ್ಟೂ ಒಳ್ಳೆಯದು. ಕೆನಡಿಯನ್ ಪೆಸಿಫಿಕ್‌ನಲ್ಲಿ 2011ರಲ್ಲಿ ಇದು 81.3 ಇತ್ತು, 2016ರಲ್ಲಿ 58.6ಕ್ಕೆ ಇಳಿಯಿತು. ಹ್ಯಾರಿಸನ್ ಬಂದದ್ದು 2012ರಲ್ಲಿ. ಆದರೂ ಹೋಲಿಕೆಯನ್ನು 2011ರಿಂದಲೇ ಶುರುಮಾಡಬೇಕು. ಹೊಸಬರು ಬಂದ ವರ್ಷ ಹಳೆಯ ಆಸ್ತಿಯ ನಷ್ಟ, ನೌಕರರ ಕಡಿತದ ಪರಿಹಾರ ಎಲ್ಲವನ್ನೂ ಒಟ್ಟಿಗೆ ಖರ್ಚಿಗೆ ಹಾಕುವುದು ವಾಡಿಕೆ. ಆ ವರ್ಷವನ್ನೇ ಬುಡವಾಗಿ ಹಿಡಿದರೆ ಮುಂದಿನ ಸಾಧನೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಡೀಸೆಲ್ ಇನ್ನೊಂದು ಮೋಸ. ಆದಾಯ 100, ಖರ್ಚು 80 ಇದೆ ಎನ್ನಿ, ರೇಶಿಯೊ 80. ಡೀಸೆಲ್ ಬೆಲೆ ಇಳಿದು ಖರ್ಚು 10 ಕಡಿಮೆಯಾಯಿತು, ಗ್ರಾಹಕರಿಂದ ವಸೂಲಿ ಮಾಡುವ ಇಂಧನ ಸರ್‌ಚಾರ್ಜ್ ಕೂಡ ಅಷ್ಟೇ ಇಳಿಯಿತು. ಈಗ 90ಕ್ಕೆ 70, ಅಂದರೆ 77.8. ಲಾಭ ಒಂದು ಪೈಸೆಯೂ ಹೆಚ್ಚಿಲ್ಲ, ರೇಶಿಯೊ ಮಾತ್ರ ಸುಧಾರಿಸಿದೆ! ಹಾಗಾಗಿ ಇಂಧನ ಖರ್ಚು ಮತ್ತು ಸರ್‌ಚಾರ್ಜ್ ಎರಡನ್ನೂ ತೆಗೆದು ಇನ್ನೊಮ್ಮೆ ಲೆಕ್ಕ ಹಾಕಿ.

ಇನ್ನು ಯಾರ್ಡ್, ಅಂದರೆ ವ್ಯಾಗನ್‌ಗಳನ್ನು ವಿಂಗಡಿಸಿ ಬೇರೆ ರೈಲಿಗೆ ಜೋಡಿಸುವ ಜಾಗ. ಹ್ಯಾರಿಸನ್ ಪದ್ಧತಿಯ ತಿರುಳು ಇರುವುದೇ ಇಲ್ಲಿ. ಒಂದು ವ್ಯಾಗನ್ 1,500 ಕಿ.ಮೀ. ಹೋಗಬೇಕು, ದಾರಿಯಲ್ಲಿ ಮೂರು ಯಾರ್ಡ್, ಒಂದೊಂದರಲ್ಲೂ 24 ಗಂಟೆ ತಂಗುತ್ತದೆ ಎಂದುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡುವ ಹೊತ್ತು 37.5 ಗಂಟೆ, ನಿಂತಿರುವ ಹೊತ್ತು 72 ಗಂಟೆ. ವೇಗವನ್ನು ಶೇ 10ರಷ್ಟು ಏರಿಸಿದರೆ ಉಳಿಯುವುದು ಬರೀ 3.4 ಗಂಟೆ. ಒಂದು ಯಾರ್ಡ್ ತಪ್ಪಿಸಿದರೆ 24 ಗಂಟೆ ಉಳಿಯುತ್ತದೆ. ರೈಲು ತುಂಬುವವರೆಗೆ ಕಾಯದೆ ವೇಳಾಪಟ್ಟಿಯಂತೆ ಹೊರಡಿಸುವುದು, ವ್ಯಾಗನ್‌ಗಳನ್ನು ದಿಬ್ಬದಿಂದ ಉರುಳಿಸಿ ವಿಂಗಡಿಸುವ ಹಂಪ್ ಯಾರ್ಡ್‌ಗಳನ್ನು ಮುಚ್ಚುವುದು, ಇವೆಲ್ಲ ಆ 24 ಗಂಟೆಗಾಗಿ. ವ್ಯಾಗನ್ ಬೇಗ ತಿರುಗಿ ಬಂದರೆ ಅದೇ ಸರಕಿಗೆ ಕಡಿಮೆ ವ್ಯಾಗನ್, ಕಡಿಮೆ ಇಂಜಿನ್ ಸಾಕು.

ಇದು ನಿಜಕ್ಕೂ ನಡೆದಿದೆಯೇ ಎಂದು ನೋಡಲು ರೈಲು ಕಂಪನಿಗಳ ಮೇಲೆ ನಿಗಾ ಇಡುವ ಅಮೆರಿಕದ ಸರ್ಫೇಸ್ ಟ್ರಾನ್ಸ್‌ಪೋರ್ಟೇಶನ್ ಬೋರ್ಡ್‌ಗೆ ದೊಡ್ಡ ಕಂಪನಿಗಳು ವಾರವಾರ ಕೊಡುವ ಅಂಕಿಗಳಿವೆ. ಮೂರು ಸಾಲು ಸಾಕು: ರೈಲಿನ ಸರಾಸರಿ ವೇಗ, ಯಾರ್ಡಿನಲ್ಲಿ ತಂಗುವ ಗಂಟೆ, ಜಾಲದಲ್ಲಿರುವ ಒಟ್ಟು ವ್ಯಾಗನ್. ವೇಗವನ್ನೊಂದೇ ನಂಬಬೇಡಿ, ಯಾರ್ಡಿನೊಳಗೆ ಕಳೆದ ಹೊತ್ತು ಅದಕ್ಕೆ ಸೇರುವುದಿಲ್ಲ. ಸಾಗಿಸಿದ ಸರಕು ಅಷ್ಟೇ ಇದ್ದು, ತಂಗುವ ಗಂಟೆ ಮತ್ತು ಒಟ್ಟು ವ್ಯಾಗನ್ ಎರಡೂ ಏರುತ್ತಿದ್ದರೆ ಜಾಲದಲ್ಲಿ ದಟ್ಟಣೆಯಾಗುತ್ತಿದೆ ಎಂದೇ ಅರ್ಥ. ಸಿಎಸ್ಎಕ್ಸ್‌ನಲ್ಲಿ 2017ರ ಬೇಸಿಗೆಯಲ್ಲಿ ಆದದ್ದು ಇಂಥದ್ದೇ. ಕೆಲವೇ ತಿಂಗಳಲ್ಲಿ ಹಲವು ಹಂಪ್‌ಗಳನ್ನು ನಿಲ್ಲಿಸಿದರು, ವ್ಯಾಗನ್‌ಗಳು ಸಿಕ್ಕಿಕೊಂಡವು, ಸರಕು ಕಳಿಸುವವರ ದೂರುಗಳ ಮೇಲೆ ಅಕ್ಟೋಬರಿನಲ್ಲಿ ಬೋರ್ಡ್ ವಿಚಾರಣೆ ನಡೆಸಿತು. ಒಂದು ಯಾರ್ಡಿನ ಕೆಲಸ ಪಕ್ಕದ ಯಾರ್ಡಿಗೆ ಹೋಗುವ ಮುನ್ನ ಅಲ್ಲಿ ಹಳಿ, ಶಂಟಿಂಗ್ ಸಿಬ್ಬಂದಿ ಸಿದ್ಧವಿರಬೇಕು. ಇಲ್ಲದಿದ್ದರೆ ಉಳಿಸಿದ 24 ಗಂಟೆಯ ದುಪ್ಪಟ್ಟು ಹೊತ್ತು ಅಲ್ಲಿ ಹಾಳಾಗುತ್ತದೆ.

ರೈಲಿನ ಉದ್ದವನ್ನೂ ಗಮನಿಸಿ. ಒಂಟಿ ಹಳಿಯಲ್ಲಿ ಎದುರುಬದುರು ಬರುವ ಎರಡು ರೈಲುಗಳಲ್ಲಿ ಒಂದಾದರೂ ಲೂಪ್ ಲೈನಿನೊಳಗೆ (ದಾರಿ ಬಿಡಲು ಪಕ್ಕದಲ್ಲಿ ಹಾಕಿದ ಹಳಿ) ಪೂರ್ತಿ ಹಿಡಿಸಬೇಕು. 2,400 ಮೀಟರ್ ಲೂಪ್ ಇರುವಲ್ಲಿ ಎರಡೂ ಕಡೆಯಿಂದ 3,000 ಮೀಟರ್ ರೈಲು ಬಿಟ್ಟರೆ ಉಳಿತಾಯದ ಮಾತು ಅಲ್ಲಿಗೇ ಮುಗಿಯಿತು.

ಹಳಿ, ಸ್ಲೀಪರ್ ಬದಲಿಸುವ ಖರ್ಚಿನ ಬಹುಪಾಲು ಬಂಡವಾಳ ಲೆಕ್ಕಕ್ಕೆ ಹೋಗುತ್ತದೆ, ಆ ವರ್ಷದ ರೇಶಿಯೊದಲ್ಲಿ ಪೂರ್ತಿ ಕಾಣುವುದಿಲ್ಲ. ಅದನ್ನು ವಾರ್ಷಿಕ ವರದಿಯಲ್ಲಿ ಬೇರೆಯಾಗಿ ಹುಡುಕಿ ನೋಡಿ.

ಮುಖ್ಯಸ್ಥರು ಹೋದ ಮೇಲಿನ ಒಂದೆರಡು ವರ್ಷವನ್ನೂ ಪಟ್ಟಿಗೆ ಸೇರಿಸಿ. ಹ್ಯಾರಿಸನ್ 2017ರ ಡಿಸೆಂಬರ್ 16ರಂದು ತೀರಿಕೊಂಡರು. ಸಿಎಸ್ಎಕ್ಸ್‌ನಲ್ಲಿ ಅವರಿಗೆ ಸಿಕ್ಕಿದ್ದು ಒಂಬತ್ತು ತಿಂಗಳು. 2016ರಲ್ಲಿ 69.4 ಇದ್ದ ರೇಶಿಯೊ 2018ರಲ್ಲಿ 60.3ಕ್ಕೆ ಇಳಿಯಿತು, ಅಷ್ಟರಲ್ಲಿ ಕುರ್ಚಿಯಲ್ಲಿದ್ದವರು ಅವರೇ ಕರೆತಂದಿದ್ದ ಜೇಮ್ಸ್ ಫೂಟ್. 2018ರ ಅಂಕಿಯನ್ನು ಇಬ್ಬರ ಕಾಲಮ್ಮಿನಲ್ಲೂ ಬರೆಯಿರಿ. 2017ರ ಬೇಸಿಗೆಯ ಗೋಜಲನ್ನು ಮಾತ್ರ ಹ್ಯಾರಿಸನ್ ಕಾಲಮ್ಮಿನಲ್ಲೇ ಬಿಡಿ.