ಪುನುಗು ಬೆಕ್ಕು ಬಂದದ್ದು ನಿಜ, ಫೋಟೊ ಮಾತ್ರ ಬೆಳ್ಳಗೆ

ಅಡಿಕೆ ತೋಟದ ಅಂಚಿಗೆ ಟ್ರೇಲ್ ಕ್ಯಾಮೆರಾ (ಎದುರು ಪ್ರಾಣಿ ಓಡಾಡಿದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ) ಕಟ್ಟಿ, ಒಂದು ವಾರ ಕಾದು ಕಾರ್ಡ್ ತೆಗೆದು ನೋಡಿದೆ. ರಾತ್ರಿ 1.40ರ ಫೋಟೊ ಪೂರ್ತಿ ಬಿಳಿ. ನಡುವೆ ಎರಡು ಕಿವಿ, ಒಂದಿಷ್ಟು ಬಾಲ. ಕ್ಯಾಮೆರಾ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿದ್ದು ಕ್ಯಾಮೆರಾ ಅಲ್ಲ, ನಾನು ಕಟ್ಟಿದ ಜಾಗ.

ಮೊದಲು ಫೋಟೊ ಮೇಲಿನ ಸಮಯ ನೋಡಿ. ರಾತ್ರಿಯದು ಮಾತ್ರ ಬೆಳ್ಳಗಾಗಿದೆಯೋ, ಹಗಲಿನದೂ ಹಾಗೇ ಇದೆಯೋ? ಎರಡಕ್ಕೂ ಮದ್ದು ಬೇರೆ.

ರಾತ್ರಿಯದು ಪೂರ್ತಿ ಬಿಳಿಯಾಗಿದ್ದರೆ ಪ್ರಾಣಿ ತೀರಾ ಹತ್ತಿರ ಬಂದಿದೆ ಎಂದರ್ಥ. ಕ್ಯಾಮೆರಾದ ಎಲ್‌ಇಡಿಗಳು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಚೆಲ್ಲುತ್ತವೆ. ದೂರ ಅರ್ಧವಾದರೆ ಮೈಮೇಲೆ ಬೀಳುವ ಬೆಳಕು ನಾಲ್ಕು ಪಟ್ಟು ಆಗುತ್ತದೆ. ಹಾಗಾಗಿ ಪ್ರಾಣಿ ಓಡಾಡುವ ದಾರಿಯಿಂದ ಹತ್ತು ಹದಿನೈದು ಅಡಿ ಹಿಂದಕ್ಕೆ ಕಟ್ಟಿ. ಮೆನುವಿನಲ್ಲಿ ಫ್ಲ್ಯಾಶ್ ಕಡಿಮೆ ಮಾಡುವ ಆಯ್ಕೆ ಇದ್ದರೆ ಬಳಸಿ. ಇಲ್ಲವಾದರೆ ಗಾಯಕ್ಕೆ ಹಚ್ಚುವ ಬಿಳಿ ಪೇಪರ್ ಟೇಪನ್ನು ಅರ್ಧದಷ್ಟು ಎಲ್‌ಇಡಿಗಳ ಮೇಲೆ ಅಂಟಿಸಿ. ಲೆನ್ಸ್ ಮತ್ತು ಚಲನೆ ಗುರುತಿಸುವ ಸೆನ್ಸರ್ ಮೇಲೆ ಮಾತ್ರ ಬೇಡ.

ಒಂದು ಮೂಲೆ ಬೆಳ್ಳಗೆ, ಉಳಿದದ್ದು ಕಪ್ಪು ಇದೆಯಾ? ಹಾಗಾದರೆ ಅಡ್ಡ ಬಂದಿರುವುದು ಎಲೆ, ಹುಲ್ಲು ಅಥವಾ ಜೇಡರ ಬಲೆ. ನಮಗೆ ಹಸಿರಾಗಿ ಕಾಣುವ ಎಲೆ ಇನ್‌ಫ್ರಾರೆಡ್‌ನಲ್ಲಿ ಹೆಚ್ಚುಕಮ್ಮಿ ಬಿಳಿ ಬಟ್ಟೆ ಇದ್ದ ಹಾಗೆ. ಮಳೆಗಾಲದಲ್ಲಂತೂ ವಾರಕ್ಕೊಮ್ಮೆ ಕತ್ತಿ ಹಿಡಿದು ಹೋಗಲೇಬೇಕು. ನಮ್ಮಲ್ಲಿ ಇನ್ನೊಂದು ಕಳ್ಳ ಇದ್ದಾನೆ: ಬಿಸಿಲಿಗೆ ಸುಡದಿರಲಿ ಅಂತ ಅಡಿಕೆ ಮರಕ್ಕೆ ಬಳಿದ ಸುಣ್ಣ. ಅಂಥ ಮರ ಲೆನ್ಸ್ ಪಕ್ಕದಲ್ಲೇ ಇದ್ದರೆ ಬೆಳಕೆಲ್ಲ ಅದಕ್ಕೇ ಬಡಿದು ವಾಪಸ್ ಬರುತ್ತದೆ.

ಹುಲಿ ಗಣತಿಯಲ್ಲಿ ದಾರಿಯ ಎರಡೂ ಬದಿ ಕ್ಯಾಮೆರಾ ಇಡುತ್ತಾರಲ್ಲ, ಅವನ್ನೂ ನೇರ ಎದುರುಬದುರಾಗಿ ಇಡದೆ ತುಸು ಓರೆ ಮಾಡುತ್ತಾರೆ. ಒಂದರ ಫ್ಲ್ಯಾಶ್ ಇನ್ನೊಂದರ ಕಣ್ಣಿಗೆ ಬಡಿದರೆ ಪಟ್ಟೆ ಕಾಣುವುದಿಲ್ಲ, ಪಟ್ಟೆ ಕಾಣದಿದ್ದರೆ ಯಾವ ಹುಲಿ ಅಂತ ಗೊತ್ತಾಗುವುದಿಲ್ಲ.

ಹಗಲಿನ ಫೋಟೊ ಬೆಳ್ಳಗಾದರೆ ದಿಕ್ಕು ನೋಡಿ. ಪೂರ್ವ, ಪಶ್ಚಿಮಕ್ಕೆ ಮುಖ ಮಾಡಿದ್ದರೆ ಬೆಳಗ್ಗೆಯೋ ಸಂಜೆಯೋ ಸೂರ್ಯ ನೇರ ಲೆನ್ಸಿಗೇ ಬೀಳುತ್ತಾನೆ. ಉತ್ತರಕ್ಕೆ ತಿರುಗಿಸಿ. ಆಮೇಲೆ ಮುಂಭಾಗವನ್ನು ಮೆತ್ತಗಿನ ಒದ್ದೆ ಬಟ್ಟೆಯಿಂದ ಒರೆಸಿ. ಬೆಳಕು ಅಳೆಯುವ ಪುಟ್ಟ ಸೆನ್ಸರ್‌ಗೆ ಕೆಸರು ಮೆತ್ತಿದ್ದರೆ ಕ್ಯಾಮೆರಾ ಮಟಮಟ ಮಧ್ಯಾಹ್ನವನ್ನೂ ರಾತ್ರಿ ಅಂದುಕೊಳ್ಳುತ್ತದೆ. ಸಾಲಿನ ಮೊದಲ ಫೋಟೊ ಮಾತ್ರ ಬೆಳ್ಳಗೆ, ಮುಂದಿನವು ಸರಿ ಇದ್ದರೆ ಚಿಂತೆ ಬೇಡ. ಒಂದು ಸಲಕ್ಕೆ ಮೂರು ಫೋಟೊ ತೆಗೆಯುವಂತೆ ಇಟ್ಟರೆ ಸಾಕು.

ಬದಲಾವಣೆ ಮಾಡಿದ ದಿನವೇ ಕತ್ತಲಾದ ಮೇಲೆ ಪ್ರಾಣಿಯ ದಾರಿಯಲ್ಲಿ ನೀವೇ ಬಗ್ಗಿ ನಡೆದು ಪರೀಕ್ಷೆ ಮಾಡಿ. ಬಿಳಿ ಪಂಚೆ ಉಟ್ಟು ಹೋಗಬೇಡಿ, ಮತ್ತೆ ಅದೇ ಗೋಳು. ಇದೆಲ್ಲ ನಿಮ್ಮ ಸ್ವಂತ ಜಾಗದಲ್ಲಿ ಮಾತ್ರ. ಕಾಡಿನೊಳಗೆ ಕಟ್ಟಲು ಅರಣ್ಯ ಇಲಾಖೆಯ ಅನುಮತಿ ಬೇಕು.

ನಾನು ಕ್ಯಾಮೆರಾವನ್ನು ಹಿಂದಿನ ಹಲಸಿನ ಮರಕ್ಕೆ ಸರಿಸಿದೆ. ಐದನೇ ರಾತ್ರಿ ಅದೇ ಗಿರಾಕಿ ಮತ್ತೆ ಬಂತು. ಈ ಸಲ ಪಕ್ಕೆಯ ಚುಕ್ಕೆಗಳ ಸಾಲು, ಬಾಲದ ಉಂಗುರ ಎಲ್ಲ ಕಂಡವು.