ಮಗುವನ್ನು ಬೆನ್ನಿಗೇರಿಸಿ ಚಾರಣ: ಕ್ಯಾರಿಯರ್ ಆರಿಸುವ ಬಗೆ

ಮಗುವಿಗೆ ಆಸರೆಯಿಲ್ಲದೆ ಕೂರಲು ಬರುವವರೆಗೆ, ಕತ್ತು ಗಟ್ಟಿಯಾಗಿ ನಿಲ್ಲುವವರೆಗೆ ಚೌಕಟ್ಟಿನ ಕ್ಯಾರಿಯರ್ (ಮಗುವನ್ನು ಕೂರಿಸಿ ಬೆನ್ನಿಗೆ ಹೊರುವ, ಗಟ್ಟಿ ಚೌಕಟ್ಟಿನ ಚೀಲ) ಬೇಡ. ಆರು ತಿಂಗಳು ತುಂಬಿದ್ದಷ್ಟೇ ಸಾಲದು.

ಆಮೇಲೆ ತೂಕ. ಖಾಲಿ ಕ್ಯಾರಿಯರೇ ಸುಮಾರು 3 ಕೆಜಿ. 11 ಕೆಜಿಯ ಮಗು, 2 ಲೀಟರ್ ನೀರು, ಡೈಪರ್, ತಿಂಡಿ ಸೇರಿದರೆ 17 ಕೆಜಿ ಮುಟ್ಟುತ್ತದೆ. ಹಲವು ಮಾದರಿಗಳ ಒಟ್ಟು ಮಿತಿ 22 ಕೆಜಿ ಆಸುಪಾಸು. ಕ್ಯಾರಿಯರ್‌ನ ತೂಕವೂ ಇದರಲ್ಲೇ ಸೇರಿದೆಯೇ ಎಂದು ಲೇಬಲ್ ಓದಿ.

ಹೆಚ್ಚಿನವರು ಎಡವುವುದು ಸೊಂಟದ ಪಟ್ಟಿಯಲ್ಲಿ. ಅದು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಮೊದಲು ಅದನ್ನು ಬಿಗಿದು, ನಂತರ ಭುಜದ ಪಟ್ಟಿ ಎಳೆಯಿರಿ. ಭುಜ ಉರಿದರೆ ಕ್ಯಾರಿಯರ್‌ನ ಬೆನ್ನುಭಾಗದ ಉದ್ದ ನಿಮ್ಮ ಬೆನ್ನಿಗೆ ಹೊಂದಿಲ್ಲದಿರಬಹುದು. ಅಪ್ಪ, ಅಮ್ಮ ಇಬ್ಬರೂ ಹೊರುವುದಾದರೆ ಈ ಉದ್ದ ಬದಲಿಸಲು ಬರುವಂಥದ್ದನ್ನೇ ಕೊಳ್ಳಿ.

ಮಗುವಿನ ಗದ್ದ ಮುಂದಿನ ಮೆತ್ತೆಯ ಅಂಚಿಗಿಂತ ತುಸು ಮೇಲಿರಲಿ. ನಿದ್ದೆ ಬಂದಾಗ ಕೆನ್ನೆ ಅಲ್ಲೇ ಒರಗುತ್ತದೆ. ಆಸನ ತೊಡೆಗೆ ಆಸರೆ ಕೊಡಬೇಕು, ಪಾದ ಊರಲು ಪಟ್ಟಿ ಇರಬೇಕು. ಇಲ್ಲದಿದ್ದರೆ ಕಾಲು ಜೋತು ಜೋಮು ಹಿಡಿಯುತ್ತದೆ. ಮುಳ್ಳಯ್ಯನಗಿರಿಯಂಥ ಬೋಳುಗುಡ್ಡಕ್ಕೆ ಬಿಸಿಲ ಮರೆ ಬೇಕೇ ಬೇಕು. ಆದರೆ ಕಾಡುದಾರಿಯಲ್ಲಿ ಅದೇ ಕೊಂಬೆಗೆ ಸಿಕ್ಕುತ್ತದೆ, ಮಡಚಲು ಬರಲಿ.

ಕ್ಯಾರಿಯರನ್ನು ನೆಲದ ಮೇಲೆ ನಿಲ್ಲಿಸುವ ಕಾಲು ಪೂರ್ತಿ ತೆರೆದು ಲಾಕ್ ಆಗಬೇಕು. ಆದರೂ ಮಗುವನ್ನು ಕೂರಿಸಿ ಕೈ ಬಿಡಬೇಡಿ, ಮೇಜಿನ ಮೇಲಂತೂ ಇಡಲೇಬೇಡಿ.

ಕೊಳ್ಳುವ ಮುನ್ನ 10 ಕೆಜಿ ಅಕ್ಕಿ ಮೂಟೆ ಕೂರಿಸಿ, ಅರ್ಧ ಗಂಟೆ ಮೆಟ್ಟಿಲು ಹತ್ತಿಳಿಯಿರಿ. ಇಳಿಯುವಾಗ ಹೊರೆ ಅತ್ತಿತ್ತ ಓಲಾಡಿದರೆ ಆ ಮಾದರಿ ಬಿಡಿ.