ಸಾಧು ಬೋವಾ ಆರಿಸುವುದು ಹೇಗೆ, ಕೈಗೆ ಒಗ್ಗಿಸುವುದು ಹೇಗೆ?

ಹಾವು ಪ್ರೀತಿಯಿಂದ ಕೈ ಸುತ್ತಿಕೊಳ್ಳುವುದಿಲ್ಲ. ಈ ಕೈ ಊಟವೂ ಅಲ್ಲ, ಶತ್ರುವೂ ಅಲ್ಲ, ಹತ್ತಬಹುದಾದ ಒಂದು ಕೊಂಬೆ ಅಂತ ಅದಕ್ಕೆ ಗೊತ್ತಾದರೆ ಸಾಕು. ಪಳಗಿಸುವುದು ಅಂದರೆ ಇಷ್ಟೇ. ಇದರಲ್ಲಿ ಅರ್ಧ ಕೆಲಸ ಒಳ್ಳೆಯ ಹಾವನ್ನು ಆರಿಸಿಕೊಳ್ಳುವಾಗಲೇ ಮುಗಿದಿರುತ್ತದೆ. ಉಳಿದರ್ಧ ನಿಮ್ಮ ತಾಳ್ಮೆ.

ಕರಾವಳಿಯಲ್ಲಿ ಈಗ ಬೋವಾ, ಅಂದರೆ ವಿಷವಿಲ್ಲದ ಒಂದು ದೊಡ್ಡ ವಿದೇಶಿ ಹಾವು, ಸಾಕುವ ಆಸೆ ಇರುವ ಹುಡುಗರು ಜಾಸ್ತಿ ಸಿಗುತ್ತಾರೆ. ಹಾಗಾಗಿ ಕೊಳ್ಳುವ ಮೊದಲಿನಿಂದ ಹಿಡಿದು ಕೈಗೆ ಎತ್ತಿಕೊಳ್ಳುವವರೆಗೆ ಒಂದೊಂದೇ ಹೇಳುತ್ತೇನೆ.

ಮೊದಲು ಕಾನೂನು

ಇದನ್ನು ಹಾರಿಸಿ ಮುಂದೆ ಓದಬೇಡಿ. ನಮ್ಮ ದೇಶದ ಹಾವು ಯಾವುದನ್ನೂ ಮನೆಯಲ್ಲಿ ಸಾಕುವ ಹಾಗಿಲ್ಲ. ತೋಟದಲ್ಲಿ ಸಿಕ್ಕಿದ ಹೆಬ್ಬಾವಿನ ಮರಿ, ತುಳುವಿನಲ್ಲಿ ನಾವು ಪೆರ್ಮರಿ ಅನ್ನುತ್ತೇವಲ್ಲ, ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಇದೆ. ಹಿಡಿದು ಇಟ್ಟುಕೊಂಡರೆ 3ರಿಂದ 7 ವರ್ಷ ಜೈಲು. ಮಣ್ಣುಮುಕ್ಕ ಹಾವು ಕೂಡ ಒಂದು ಬಗೆಯ ಬೋವಾ. ಎರಡು ತಲೆ ಹಾವು, ಮನೆಗೆ ತಂದರೆ ದುಡ್ಡು ಬರುತ್ತದೆ ಅಂತ ನಂಬಿಸಿ ಲಕ್ಷಗಟ್ಟಲೆ ಬೆಲೆ ಹೇಳುವವರು ಇದ್ದಾರೆ. ಅವರ ಹತ್ತಿರವೂ ಸುಳಿಯಬೇಡಿ. ಆ ಪಾಪದ ಹಾವಿಗೆ ಇರುವುದು ಒಂದೇ ತಲೆ, ಬಾಲ ಮೊಂಡಾಗಿರುತ್ತದೆ ಅಷ್ಟೇ. ಇನ್ನೊಂದು ಅಪಾಯವೂ ಉಂಟು. ಮೈಮೇಲೆ ಕಲೆ ಇರುವ ಮಣ್ಣುಹಾವು ಅಂತ ಜನ ಕೈ ಹಾಕಿದ್ದು ಎಷ್ಟೋ ಸಲ ಕನ್ನಡಿ ಹಾವು, ಅಂದರೆ ಕೊಳಕು ಮಂಡಲ ಆಗಿರುತ್ತದೆ. ಕಂಪೌಂಡಿನೊಳಗೆ ಹಾವು ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ನಾವು ಮಾತಾಡುತ್ತಿರುವ ಬೋವಾ ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. ವಿದೇಶಿ ಪ್ರಾಣಿ ಅಂದ ಮಾತ್ರಕ್ಕೆ ಯಾರಿಗೂ ಹೇಳದೆ ಸಾಕಬಹುದು ಅಂತ ಅಲ್ಲ. 2022ರ ತಿದ್ದುಪಡಿಯಲ್ಲಿ ಇಂಥ ಜೀವಿಗಳನ್ನು ಕಾಯ್ದೆಯ ನಾಲ್ಕನೇ ಅನುಸೂಚಿಗೆ ಸೇರಿಸಿದ್ದಾರೆ. 2024ರ ಫೆಬ್ರುವರಿಯಲ್ಲಿ ಬಂದ ನಿಯಮದ ಪ್ರಕಾರ ಹಾವು ನಿಮ್ಮ ಕೈ ಸೇರಿದ 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಮಾರುವವರ ಹತ್ತಿರ ಅದರ ನೋಂದಣಿ ಕಾಗದ ಕೇಳಿ. "ಕಾಗದ ಆಮೇಲೆ ಕಳಿಸ್ತೇನೆ ಮಾರಾಯ್ರೆ" ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ.

ಆಮೇಲೆ ಮನೆಯವರು

ತುಳುನಾಡಿನ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ನಾಗಬನಕ್ಕೆ ತನು ಹಾಕುವ, ಪಂಚಮಿಗೆ ತಪ್ಪದೆ ಮೂಲಸ್ಥಾನಕ್ಕೆ ಹೋಗುವ ಅಜ್ಜಿ "ಹಾವನ್ನು ಪೆಟ್ಟಿಗೆಯಲ್ಲಿ ಕೂಡಿ ಹಾಕುವುದಾ ಮಗಾ?" ಅಂತ ಕೇಳಿದರೆ ನಕ್ಕು ತಳ್ಳಿಹಾಕಬೇಡಿ. ಅವರು ಒಪ್ಪದಿದ್ದರೆ ತರಬೇಡಿ. ಒಪ್ಪಿದರೂ ಹಾವಿನ ಊಟದ ಸತ್ತ ಇಲಿ ಇಡಲು ಬೇರೆ ಸಣ್ಣ ಫ್ರೀಜರ್ ಬೇಕಾಗುತ್ತದೆ, ಮನೆಯ ಫ್ರಿಜ್‌ನಲ್ಲಿ ಇಡುವ ಮಾತೇ ಇಲ್ಲ. ಇನ್ನೊಂದು, ಬೋವಾ 20ರಿಂದ 30 ವರ್ಷ ಬದುಕುತ್ತದೆ. ನಾಳೆ ನೀವು ಬೆಂಗಳೂರಿಗೋ ದುಬೈಗೋ ಕೆಲಸಕ್ಕೆ ಹೋದರೆ ನೋಡಿಕೊಳ್ಳುವವರು ಯಾರು? ಹಾವಿಗೆ ಚಿಕಿತ್ಸೆ ಕೊಡಬಲ್ಲ ಪಶುವೈದ್ಯರು ಎಲ್ಲಿದ್ದಾರೆ ಅಂತಲೂ ಈಗಲೇ ವಿಚಾರಿಸಿಕೊಳ್ಳಿ, ಕಾಯಿಲೆ ಬಂದ ಮೇಲೆ ಅಲ್ಲ.

ಯಾವ ಬೋವಾ?

ಹೊಸಬರಿಗೆ ಬೋವಾ ಇಂಪರೇಟರ್ ಒಳ್ಳೆಯದು. ಕೊಲಂಬಿಯಾ ಬೋವಾ ಅಂತ ಮಾರುವುದು ಇದನ್ನೇ. ಗಂಡು ಸಾಮಾನ್ಯವಾಗಿ 5-6 ಅಡಿಗೆ ನಿಲ್ಲುತ್ತದೆ, ಹೆಣ್ಣು 6ರಿಂದ 8 ಅಡಿ. ನನ್ನ ಕೇಳಿದರೆ ಗಂಡನ್ನೇ ತಗೊಳ್ಳಿ. ಅದರಲ್ಲೂ ಒಂದೆರಡು ವರ್ಷದ್ದು ಸಿಕ್ಕರೆ ಬಿಡಬೇಡಿ. ಪುಟ್ಟ ಮರಿ ಮುದ್ದಾಗಿ ಕಾಣುತ್ತದೆ ನಿಜ, ಆದರೆ ಕಾಡಿನಲ್ಲಿ ಎಲ್ಲರೂ ತಿನ್ನಲು ಬರುವುದು ಮರಿಯನ್ನೇ, ಹಾಗಾಗಿ ಅದಕ್ಕೆ ಹೆದರಿಕೆ ಜಾಸ್ತಿ, ಹೆದರಿದರೆ ಕಚ್ಚುತ್ತದೆ. ಬೆಳೆದ ಹಾವಿನ ಸ್ವಭಾವ ನೋಡಿದರೆ ಗೊತ್ತಾಗುತ್ತದೆ. ಅಮೆಜಾನ್ ಮರ ಬೋವಾದ ಬಣ್ಣಕ್ಕೆ ಮರುಳಾಗಬೇಡಿ, ಅದು ಮುಂಗೋಪಿ. ಕಾಡಿನಿಂದ ಹಿಡಿದು ತಂದದ್ದಂತೂ ಬೇಡವೇ ಬೇಡ, ಹೊಟ್ಟೆ ತುಂಬ ಹುಳ ಇರುತ್ತದೆ, ಮನುಷ್ಯರನ್ನು ಕಂಡರೆ ಆಗುವುದಿಲ್ಲ.

ಈಗ ಮುಖ್ಯವಾದ ಮಾತು. ಅಲುಗಾಡದೆ ಬಿದ್ದಿರುವ ಹಾವು ಸಾಧು ಹಾವಲ್ಲ. ಎಸಿ ರೂಮಿನಲ್ಲಿ ಮೈ ತಣ್ಣಗಾಗಿ ಬಿದ್ದಿರಬಹುದು, ಕಾಯಿಲೆ ಇರಬಹುದು, ಹೆದರಿ ಮರಗಟ್ಟಿರಬಹುದು. "ನೋಡಿ ಸಾರ್, ಎಷ್ಟು ಪಾಪದ್ದು" ಅಂತ ತೋರಿಸುವುದು ಹೆಚ್ಚಾಗಿ ಇಂಥದ್ದನ್ನೇ. ಮೈ ಬೆಚ್ಚಗಿರುವಾಗ ನೋಡಬೇಕು, ನಿಮ್ಮ ಕೈಗೇ ತೆಗೆದುಕೊಂಡು ನೋಡಬೇಕು. ಒಳ್ಳೆಯ ಬೋವಾ ಮೊದಲು ಒಂದು ಕ್ಷಣ ತಡೆಯುತ್ತದೆ. ಆಮೇಲೆ ನಾಲಿಗೆ ನಿಧಾನವಾಗಿ ಹೊರಗೆ ಬಂದು ಮೇಲೆ ಕೆಳಗೆ ಆಡುತ್ತದೆ. ಬಾಲ ನಿಮ್ಮ ಮಣಿಕಟ್ಟನ್ನು ಸುತ್ತಿ ಬಿಗಿಯಾಗಿ ಹಿಡಿಯುತ್ತದೆ, ತಲೆ ಮುಂದೆ ಹೋಗಲು ದಾರಿ ಹುಡುಕುತ್ತದೆ. ಈ ಹಿಡಿತ ಮುಖ್ಯ. ಕೈಯಲ್ಲಿ ಹಗ್ಗದ ಹಾಗೆ ಜೋತುಬಿದ್ದರೆ ಅದಕ್ಕೆ ತ್ರಾಣ ಇಲ್ಲ ಅಂತ ಅರ್ಥ. ಕುತ್ತಿಗೆಯನ್ನು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಮಡಚಿ, ಬುಸ್ ಅಂತ ದೀರ್ಘವಾಗಿ ಉಸಿರು ಬಿಡುತ್ತಿದ್ದರೆ ಹೆದರಿದೆ, ಕಚ್ಚಲು ತಯಾರಾಗಿದೆ.

ಹಿಡಿದಾಗಲೇ ಮೈಯನ್ನೂ ಪರೀಕ್ಷಿಸಿ. ಕಣ್ಣು ತಿಳಿಯಾಗಿರಬೇಕು, ಮೂಗಿನಲ್ಲಿ ಗುಳ್ಳೆ ಬರಬಾರದು, ಬಾಯಿ ತೆರೆದು ಉಸಿರಾಡಬಾರದು. ಹೊಟ್ಟೆಯ ಅಡಿಯ ಹುರುಪೆ ಕೆಂಪಾಗಿ ಹುಣ್ಣಾಗಿದೆಯಾ ನೋಡಿ. ಗಲ್ಲದ ಕೆಳಗೆ, ಕಣ್ಣಿನ ಸುತ್ತ ಸಾಸಿವೆಗಿಂತ ಸಣ್ಣ ಕಪ್ಪು ಹುಳ ಓಡಾಡುತ್ತಿದ್ದರೆ ಅದು ಮೈಟ್, ಮನೆಗೆ ತರಬೇಡಿ. ತಲೆ ಸುಮ್ನೆ ಆಕಾಶದ ಕಡೆಗೆ ತಿರುಗಿ ನಿಂತರೆ, ಮಗುಚಿ ಹಾಕಿದಾಗ ಸರಿಯಾಗಲು ಒದ್ದಾಡಿದರೆ ಐಬಿಡಿ ಎನ್ನುವ ವೈರಸ್ ಕಾಯಿಲೆಯ ಲಕ್ಷಣ ಇರಬಹುದು. ಅದಕ್ಕೆ ಮದ್ದಿಲ್ಲ. ಕೊನೆಗೆ, ಅದು ಇಲಿ ತಿನ್ನುವುದನ್ನು ಕಣ್ಣಾರೆ ನೋಡಿ.

ಗೂಡು: ನಮ್ಮ ಹವೆಗೆ ತಕ್ಕಂತೆ

ಬೆಳೆದ ಬೋವಾಕ್ಕೆ 6 ಅಡಿ ಉದ್ದ, 2 ಅಡಿ ಅಗಲದ ಗೂಡು ಇರಲಿ. ಒಂದು ಬದಿ 31-32 ಡಿಗ್ರಿ, ಇನ್ನೊಂದು ಬದಿ 25-27. ಎರಡೂ ಕಡೆ ಅಡಗಿ ಕೂರಲು ಮರೆ ಬೇಕು, ದೊಡ್ಡದಲ್ಲ, ಮೈ ಮೂರು ಕಡೆ ತಾಗುವಷ್ಟು ಇಕ್ಕಟ್ಟಾದದ್ದು. ಹೀಟರಿಗೆ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಪ್ಲಗ್ ಹಾಕಬೇಡಿ, ಹೊಟ್ಟೆ ಸುಟ್ಟರೂ ಹಾವು ಎದ್ದು ಹೋಗುವುದಿಲ್ಲ.

ಹೊರಗಿನ ಪುಸ್ತಕಗಳಲ್ಲಿ ತೇವ ಹೆಚ್ಚಿಸಲು ನೀರು ಚಿಮುಕಿಸಿ ಅಂತ ಬರೆದಿರುತ್ತಾರೆ. ಮಂಗಳೂರು, ಉಡುಪಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕೆಲಸ ಮಾಡಲೇಬೇಡಿ. ಬೋವಾಕ್ಕೆ 60-70 ಶೇಕಡಾ ಸಾಕು, ನಮ್ಮ ಮಳೆಗಾಲದಲ್ಲಿ ಗಾಳಿಯೇ ಅದಕ್ಕಿಂತ ಒದ್ದೆ. ತೇವ ನಿಂತು ಗಾಳಿಯಾಡದಿದ್ದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ, ಕಫ ಕಟ್ಟುತ್ತದೆ. ಗಾಳಿ ಕಿಂಡಿ ಜಾಸ್ತಿ ಇರಲಿ, ಪ್ಲೈವುಡ್ ಆದರೆ ಒಳಗೆಲ್ಲ ಸೀಲ್ ಮಾಡಿಸಿ, ಇಲ್ಲದಿದ್ದರೆ ಆಟಿ ತಿಂಗಳು ಮುಗಿಯುವುದರೊಳಗೆ ಬೂಸ್ಟು ಹಿಡಿಯುತ್ತದೆ. ಬೇರೆ ತಿಂಗಳಲ್ಲಿ ನೆಲಕ್ಕೆ ತೆಂಗಿನ ಸಿಪ್ಪೆಯ ಚೂರು ಚೆನ್ನಾಗಿರುತ್ತದೆ, ಮಳೆಗಾಲಕ್ಕೆ ದಿನಪತ್ರಿಕೆಯೇ ವಾಸಿ, ಒದ್ದೆಯಾದ ಕೂಡಲೇ ಬದಲಾಯಿಸಬಹುದು. ಏಪ್ರಿಲ್, ಮೇಯಲ್ಲಿ ಸಮಸ್ಯೆ ಉಲ್ಟಾ, ತಂಪು ಬದಿ ತಂಪಾಗಿ ಉಳಿಯುವುದೇ ಕಷ್ಟ. ಮನೆಯ ಅತಿ ತಂಪಾದ ಕೋಣೆ ಕೊಡಿ.

ಬಾಗಿಲಿಗೆ ಬೀಗ. ತಪ್ಪಿಸಿಕೊಂಡು ಹೋದ ಬೋವಾ ಪಕ್ಕದ ಮನೆಯ ಬಚ್ಚಲಲ್ಲಿ ಕಂಡರೆ ಜನ ಹೆದರಿ ದೊಣ್ಣೆ ತಗೊಳ್ಳುತ್ತಾರೆ, ತಪ್ಪು ಅವರದ್ದಲ್ಲ. ಸಾಕಲು ಆಗಲಿಲ್ಲ ಅಂತ ಕಾಡಿಗೆ ಬಿಡುವುದು ಇನ್ನೂ ದೊಡ್ಡ ತಪ್ಪು, ನಮ್ಮ ಕಾಡಿಗೂ ಕೆಟ್ಟದ್ದು.

ಊಟ

ತಿನ್ನಲು ಕೊಡಬೇಕಾದ್ದು ಸತ್ತ ಇಲಿ, ಫ್ರೀಜರಿನಲ್ಲಿ ಇಟ್ಟದ್ದನ್ನು ಹೊರಗೆ ತೆಗೆದು ಮಂಜು ಕರಗಿಸಿದ್ದು. ಜೀವಂತ ಇಲಿ ಹಾವನ್ನೇ ಕಚ್ಚಿ ಗಾಯ ಮಾಡುತ್ತದೆ. ಮನೆಯಲ್ಲಿ ಬೋನಿಗೆ ಬಿದ್ದ ಇಲಿಯಂತೂ ಬೇಡ. ಪಾಷಾಣ ತಿಂದಿರಬಹುದು, ಜೊತೆಗೆ ನಮ್ಮ ಕಡೆ ಇಲಿ ಜ್ವರದ ಕಾಟ ಬೇರೆ. ಹಾವಿನ ಮೈಯ ಅತಿ ದಪ್ಪ ಭಾಗದಷ್ಟೇ ದಪ್ಪದ ಇಲಿ ಸಾಕು. ಮರಿಗೆ 10-14 ದಿನಕ್ಕೊಮ್ಮೆ, ಬೆಳೆದದ್ದಕ್ಕೆ 3-4 ವಾರಕ್ಕೊಮ್ಮೆ. ಜಾಸ್ತಿ ತಿನ್ನಿಸಿ ಬೇಗ ಬೆಳೆಸುವುದರಿಂದ ಅದರ ಆಯಸ್ಸು ಕಡಿಮೆಯಾಗುತ್ತದೆ.

ಗುಡುಗು ಮಿಂಚಿನ ದಿನ ಊಟ ಕೊಡಬೇಡಿ. ಕರೆಂಟ್ ಹೋಗಿ ಗೂಡು ತಣ್ಣಗಾದರೆ ತಿಂದದ್ದು ಕರಗದೆ ಕಕ್ಕುತ್ತದೆ. ಒಮ್ಮೆ ಕಕ್ಕಿದರೆ ಎರಡು ವಾರವಾದರೂ ಹೊಟ್ಟೆಗೆ ಬಿಡುವು ಕೊಡಿ.

ಪಳಗಿಸುವುದು

ಮನೆಗೆ ತಂದ ಮೊದಲ ವಾರ ನೀರು ಬದಲಿಸುವುದು ಬಿಟ್ಟು ಬೇರೇನೂ ಮಾಡಬೇಡಿ. ಗೆಳೆಯರಿಗೆ ತೋರಿಸುವುದು, ಫೋಟೋ, ಏನೂ ಬೇಡ. ವಾರ, ಹತ್ತು ದಿನ ಕಳೆದ ಮೇಲೆ ಮೊದಲ ಊಟ. ಎರಡು ಮೂರು ಸಲ ತಪ್ಪದೆ ತಿಂದ ಮೇಲೆಯೇ ಕೈ ಹಾಕುವುದು.

ಕೈ ಹಾಕುವ ಮೊದಲು ಸೋಪಿನಲ್ಲಿ ತೊಳೆಯಿರಿ. ಇಲಿಯ ವಾಸನೆ ಇದ್ದರೆ ನಿಮ್ಮ ಬೆರಳೇ ಇಲಿ. ಗೂಡು ತೆರೆದು ಹಾವಿನ ಹುಕ್‌ನಿಂದ, ಅಂದರೆ ತುದಿ ಬಾಗಿದ ಉದ್ದ ಕೋಲಿನಿಂದ, ಅದರ ಮೈಯನ್ನು ಮೃದುವಾಗಿ ಸವರಿ, ಹುಕ್ ಇಲ್ಲದಿದ್ದರೆ ಪೇಪರ್ ಸುರುಳಿಯೂ ಆದೀತು. ತಲೆಗಲ್ಲ, ನಡು ಮೈಗೆ. ಪ್ರತಿ ಸಲವೂ ಇದೇ ಮಾಡಬೇಕು. ಊಟದ ದಿನ ಮಾತ್ರ ಹುಕ್ ತಾಗಿಸಬೇಡಿ, ಉದ್ದ ಇಕ್ಕಳದಲ್ಲಿ ಇಲಿ ಕೊಡಿ. ಕೆಲವೇ ವಾರದಲ್ಲಿ ಹಾವಿಗೆ ಲೆಕ್ಕ ಸಿಗುತ್ತದೆ: ಮೈಗೆ ಹುಕ್ ತಾಗಿದರೆ ಇವತ್ತು ಊಟ ಇಲ್ಲ. ಬಿಗಿಯಾಗಿದ್ದ ಕುತ್ತಿಗೆ ನೀವು ನೋಡುತ್ತಿದ್ದ ಹಾಗೆಯೇ ಸಡಿಲವಾಗುತ್ತದೆ.

ಆಮೇಲೆ ಪಕ್ಕದಿಂದ ಕೈ ತನ್ನಿ, ಮೇಲಿನಿಂದ ಅಲ್ಲ. ಹದ್ದು ಬರುವುದು ಮೇಲಿನಿಂದ. ತಡವರಿಸದೆ ಎರಡೂ ಕೈಯಲ್ಲಿ ನಡು ಮೈ ಎತ್ತಿ, ಭಾರ ಪೂರ್ತಿ ಕೈಮೇಲೆ ಇರಲಿ. ತಲೆ ಹಿಡಿಯಬೇಡಿ, ಹೋಗುವ ಕಡೆಗೆ ಬಿಡಿ, ಒಂದು ಕೈ ಆದ ಮೇಲೆ ಇನ್ನೊಂದು ಕೈ ಮುಂದೆ ಇಡುತ್ತಾ ಹೋಗಿ. ಮೊದಲ ಸಲ 5 ನಿಮಿಷ. ವಾರಕ್ಕೆ ಎರಡು ಮೂರು ಸಲ ಮಾಡಿ ನಿಧಾನಕ್ಕೆ 15-20 ನಿಮಿಷಕ್ಕೆ ಏರಿಸಿ. ಹಾವು ಶಾಂತವಾಗಿದ್ದಾಗಲೇ ವಾಪಸ್ ಇಡಿ.

ತಿಂದ ಮೇಲೆ ಮೂರು ದಿನ ಮುಟ್ಟಬೇಡಿ. ಪೊರೆ ಬಿಡುವ ಮೊದಲು ಕಣ್ಣಿಗೆ ನೀಲಿ ಹಾಲಿನ ಬಣ್ಣ ಬರುತ್ತದೆ, ಸರಿಯಾಗಿ ಕಾಣಿಸುವುದಿಲ್ಲ, ಆಗ ಯಾವ ಸಾಧು ಹಾವೂ ಕಚ್ಚಬಹುದು. ಕುತ್ತಿಗೆಗೆ ಸುತ್ತಿಕೊಂಡು ಸೆಲ್ಫಿ ತೆಗೆಯಬೇಡಿ. 6 ಅಡಿ ದಾಟಿದ ಹಾವನ್ನು ಎತ್ತುವಾಗ ಪಕ್ಕದಲ್ಲಿ ಇನ್ನೊಬ್ಬರು ದೊಡ್ಡವರು ಇರಲೇಬೇಕು.

ಕಚ್ಚಿದರೆ? ವಿಷ ಇಲ್ಲ, ಆದರೆ ಹಲ್ಲು ಹಿಂದಕ್ಕೆ ಬಾಗಿವೆ, ಎಳೆದರೆ ನಿಮ್ಮ ಚರ್ಮವೇ ಹರಿಯುತ್ತದೆ. ತಣ್ಣೀರಿನ ನಲ್ಲಿ ಕೆಳಗೆ ಹಿಡಿದರೆ ಸಾಮಾನ್ಯವಾಗಿ ಬಿಡುತ್ತದೆ. ಸುತ್ತಿಕೊಂಡಿದ್ದರೆ ಬಾಲದ ತುದಿಯಿಂದ ಬಿಡಿಸಿ. ಗಾಯ ಸೋಪಿನಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ, ಟಿಟಿ ಇಂಜೆಕ್ಷನ್ ಬೇಕಾಗಬಹುದು. ಕಚ್ಚದಿದ್ದರೂ ಪ್ರತಿ ಸಲ ಮುಟ್ಟಿದ ಮೇಲೆ ಕೈ ತೊಳೆಯಿರಿ, ಹಾವಿನ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುತ್ತದೆ. ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ.

ಮೂರು ನಾಲ್ಕು ತಿಂಗಳಾದರೂ ಗೂಡು ತೆರೆದ ಕೂಡಲೇ ಹಾರಿ ಬರುತ್ತಿದ್ದರೆ ಹಾವನ್ನು ಬೈಯಬೇಡಿ. ಮೊದಲು ಬಿಸಿ ಸರಿಯಿದೆಯಾ ನೋಡಿ, ಮರೆ ಸಾಕಷ್ಟು ಇಕ್ಕಟ್ಟಾಗಿದೆಯಾ ನೋಡಿ, ಗೂಡು ಜನ ಓಡಾಡುವ ಜಾಗದಲ್ಲಿ, ಟಿವಿ ಪಕ್ಕ ಇದ್ದರೆ ಬದಲಿಸಿ. ಎಲ್ಲ ಸರಿ ಮಾಡಿದ ಮೇಲೂ ಕೆಲವು ಬೋವಾ ಕೈಗೆ ಒಗ್ಗುವುದಿಲ್ಲ. ಅಂಥದ್ದನ್ನು ಗಾಜಿನ ಈಚೆಯಿಂದಲೇ ನೋಡುತ್ತಾ ಸಾಕಿ. ಗೂಡು ತೊಳೆಯುವ ದಿನ ಮಾತ್ರ ಹುಕ್‌ನಲ್ಲಿ ಎತ್ತಿ, ಮುಚ್ಚಳ ಇರುವ ಡಬ್ಬಿಗೆ ಹಾಕಿ, ಕೆಲಸ ಮುಗಿಸಿ ವಾಪಸ್ ಬಿಟ್ಟರಾಯಿತು.